ಹಿರಿಯರ ದಿನಚರಿ ಗುರುತಿಸುವ ಸೆನ್ಸರ್: ಶಿರಸಿ, ಕಾರವಾರದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಘಟ್ಟದ ಮೇಲಿನ ಅಡಿಕೆ ತೋಟದ ಮನೆಯಿರಲಿ, ಕಾರವಾರದ ಕೋಡಿಬಾಗದ ಫ್ಲ್ಯಾಟ್ ಇರಲಿ, ಒಬ್ಬರೋ ಇಬ್ಬರೋ ಹಿರಿಯರು ಮಾತ್ರ ಇರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಈಗ ಮಾಮೂಲು. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ದಿನಾ ಫೋನ್ ಮಾಡಿದರೂ "ಆರಾಮಿದ್ದೇನೆ" ಎಂಬ ಒಂದೇ ಉತ್ತರ. ಬಚ್ಚಲಲ್ಲಿ ಜಾರಿದ್ದು, ರಾತ್ರಿ ಮತ್ತೆ ಮತ್ತೆ ಎದ್ದದ್ದು, ಅಡುಗೆ ಮಾಡದೆ ಅವಲಕ್ಕಿ ತಿಂದು ಮಲಗಿದ್ದು ಯಾವುದೂ ಫೋನಿನಲ್ಲಿ ಬರುವುದಿಲ್ಲ.

ಮೈಮೇಲೆ ಧರಿಸುವ ಪುಟ್ಟ ಸೆನ್ಸರ್ ಒಂದು ಈ ವಿಷಯಗಳಲ್ಲಿ ಕೆಲವನ್ನು ಗುರುತಿಸಬಲ್ಲದು. ನಡೆಯುತ್ತಿದ್ದಾರಾ, ಕೂತಿದ್ದಾರಾ, ಮಲಗಿದ್ದಾರಾ, ಅಡುಗೆಮನೆಯಲ್ಲಿ ಕೈಕೆಲಸ ನಡೆದಿದೆಯಾ ಅನ್ನುವುದನ್ನು ಕ್ಯಾಮೆರಾ ಇಲ್ಲದೆ ತಿಳಿಯಬಹುದು. ಆದರೆ ಅಂಗಡಿಯಿಂದ ತಂದು ಕಟ್ಟಿದ ಕೂಡಲೇ ಅದು ನಮ್ಮ ಮನೆಯ ಬದುಕನ್ನು ಅರ್ಥ ಮಾಡಿಕೊಳ್ಳುತ್ತದೆ ಅಂದುಕೊಳ್ಳಬೇಡಿ. ಕಲಿಸಬೇಕು. ಈ ಬರಹದ ಬಹುಪಾಲು ಆ ಕಲಿಸುವ ಕೆಲಸದ ಬಗ್ಗೆಯೇ ಇದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಗೊತ್ತಿರುವ, ಇಲ್ಲವೇ ಕಲಿಯಲು ತಯಾರಿರುವ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಶುರು ಮಾಡುವ ಮೊದಲೇ ಒಂದು ಮಾತು. ಬಚ್ಚಲಿಗೆ ಹಿಡಿಕೆ, ಜಾರದ ಮ್ಯಾಟ್, ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ, ಇವು ಮೂರೂ ಆಗದಿದ್ದರೆ ಅವನ್ನು ಈ ವಾರವೇ ಮಾಡಿಸಿ. ಸೆನ್ಸರ್ ಬಿದ್ದ ಮೇಲೆ ಹೇಳುತ್ತದೆ. ಹಿಡಿಕೆ ಬೀಳದಂತೆ ತಡೆಯುತ್ತದೆ.

ಹಂತ 1: ಧರಿಸುವವರ ಜೊತೆ ಮಾತಾಡಿ

ಇದನ್ನು ಧರಿಸುವವರು ನೀವಲ್ಲ. ಹಾಗಾಗಿ ಒಪ್ಪಿಗೆ ಮೊದಲು ಬೇಕು. "ಇದು ಕೈಗಡಿಯಾರ, ಸುಮ್ನೆ ಕಟ್ಟಿಕೋ" ಎಂದು ಮರೆಮಾಚಿ ಕಟ್ಟಬೇಡಿ. ಇದು ಏನು ನೋಡುತ್ತದೆ, ಏನು ನೋಡುವುದಿಲ್ಲ, ಮಾಹಿತಿ ಯಾರ ಫೋನಿಗೆ ಹೋಗುತ್ತದೆ ಅನ್ನುವುದನ್ನು ಮನೆಮಾತಿನಲ್ಲೇ ಹೇಳಿ. ಹವ್ಯಕ, ಕೊಂಕಣಿ, ನವಾಯತಿ, ಯಾವುದಾದರೂ ಸರಿ. ಬೇಡ ಅನಿಸಿದಾಗ ಬಿಚ್ಚಿಡುವ ಹಕ್ಕು ಅವರಿಗಿದೆ ಅನ್ನುವುದನ್ನೂ ಹೇಳಿ.

ನನ್ನ ಅಮ್ಮ ಕೇಳಿದ ಮೊದಲ ಪ್ರಶ್ನೆ, "ನಾನು ಎಷ್ಟು ಹೊತ್ತಿಗೆ ಏಳುತ್ತೇನೆ ಅಂತ ಸೊಸೆಗೂ ಕಾಣುತ್ತದಾ?" ಎಂದು. ನ್ಯಾಯವಾದ ಪ್ರಶ್ನೆ, ಅಲ್ವಾ? ಯಾರಿಗೆ ಏನು ಕಾಣಬೇಕು ಅನ್ನುವುದನ್ನು ಅವರೇ ನಿರ್ಧರಿಸಲಿ. ನಮ್ಮ ಮನೆಯಲ್ಲಿ ದಿನದ ವಿವರ ಅಮ್ಮನಿಗೂ ನನಗೂ ಮಾತ್ರ ಕಾಣುತ್ತದೆ. ಉಳಿದವರಿಗೆ ತುರ್ತು ಎಚ್ಚರಿಕೆ ಬಿಟ್ಟು ಬೇರೇನೂ ಹೋಗುವುದಿಲ್ಲ.

ಕಾನೂನಿನ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬರು ಸ್ವಂತ ಅಥವಾ ಮನೆಯ ಬಳಕೆಗೆ ಮಾಡುವ ಕೆಲಸಕ್ಕೆ ಅನ್ವಯಿಸುವುದಿಲ್ಲ. ಆದರೆ ಇದನ್ನೇ ಸಂಘದ ಮೂಲಕ ಊರಿನ ಹತ್ತು ಮನೆಗೆ ಮಾಡಲು ಹೊರಟರೆ ಲೆಕ್ಕ ಬೇರೆ. ಆಗ ಕಾಯ್ದೆಯ ಒಪ್ಪಿಗೆಯ ನಿಯಮಗಳನ್ನು ಓದಿಕೊಂಡೇ ಮುಂದುವರಿಯಿರಿ. ಮನೆಗೆ ಕೆಲಸಕ್ಕೆ ಬರುವವರು, ಹೋಂ ನರ್ಸ್ ಇದ್ದರೆ ಅವರ ಓಡಾಟವೂ ಕೋಣೆಯ ಸೆನ್ಸರ್‌ಗಳಲ್ಲಿ ದಾಖಲಾಗುತ್ತದೆ. ಅವರಿಗೂ ಹೇಳಿ.

ಹಂತ 2: ಏನನ್ನು ಗುರುತಿಸಬೇಕು ಎಂದು ಪಟ್ಟಿ ಮಾಡಿ

ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ದಿನನಿತ್ಯದ ಆರು ಕೆಲಸಗಳ ಅಳತೆಗೋಲೊಂದನ್ನು ಕೊಟ್ಟರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಒಬ್ಬರು ಎಷ್ಟರಮಟ್ಟಿಗೆ ಸ್ವತಂತ್ರವಾಗಿ ಬದುಕುತ್ತಿದ್ದಾರೆ ಎಂದು ನೋಡಲು ಇದನ್ನು ಇವತ್ತಿಗೂ ಬಳಸುತ್ತಾರೆ. ನಮಗೂ ಒಳ್ಳೆಯ ಆಧಾರ. ಆದರೆ ಮಲಮೂತ್ರದ ಹಿಡಿತವನ್ನು ಕೈಪಟ್ಟಿ ಅಳೆಯಲಾರದು. ಬಟ್ಟೆ ಹಾಕಿಕೊಳ್ಳುವುದೂ ಕಷ್ಟ. ಅವನ್ನು ಬಿಟ್ಟುಬಿಡಿ.

ಈಗ ಮನೆಯ ಒಂದು ದಿನವನ್ನು ಪಕ್ಕದಲ್ಲಿ ಕೂತು ಗಮನಿಸಿ. ಶಿರಸಿ ಕಡೆಯ ಮನೆಯಾದರೆ ಬೆಳಿಗ್ಗೆ ಎದ್ದು ಹಂಡೆಗೆ ಬೆಂಕಿ ಹಾಕುವುದು, ಹೂ ಕೊಯ್ಯುವುದು, ನೆಲದ ಮೇಲೆ ಕೂತು ಮೆಟ್ಟುಗತ್ತಿಯಲ್ಲಿ ತರಕಾರಿ ಹೆಚ್ಚುವುದು, ಜಗುಲಿಯಲ್ಲಿ ಕೂತು ಕವಳ ಹಾಕುವುದು, ಮಧ್ಯಾಹ್ನದ ನಿದ್ದೆ, ಸುಗ್ಗಿಯಲ್ಲಿ ಅಡಿಕೆ ಸುಲಿಯುವುದು. ಕಾರವಾರದ ಫ್ಲ್ಯಾಟಿನಲ್ಲಿ ಕುರ್ಚಿ, ಟೇಬಲ್ಲು, ಲಿಫ್ಟು, ಸಂಜೆ ಕಡಲ ದಂಡೆಯ ವಾಕಿಂಗು. ಎರಡಕ್ಕೂ ಒಂದೇ ಪಟ್ಟಿ ಸಾಲುವುದಿಲ್ಲ.

ಮೊದಲ ಸುತ್ತಿಗೆ ಆರೋ ಏಳೋ ಹೆಸರು ಸಾಕು. ನನ್ನ ಆಯ್ಕೆ ಇದು: ಮಲಗಿರುವುದು, ನೆಲದಲ್ಲಿ ಕೂತಿರುವುದು, ಕುರ್ಚಿಯಲ್ಲಿ ಕೂತಿರುವುದು, ನಿಂತು ಕೈಕೆಲಸ, ಕೂತು ಕೈಕೆಲಸ, ನಡಿಗೆ, ನೆಲದಿಂದ ಏಳುವುದು. ಕೊನೆಯದನ್ನು ಬಿಡಲೇಬೇಡಿ. ನೆಲದಿಂದ ಏಳಲು ಹಿಡಿಯುವ ಹೊತ್ತು ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗುತ್ತಿದ್ದರೆ ಅದು ಕಾಲಿನ ಬಲ ಕುಗ್ಗುತ್ತಿರುವುದರ ಸೂಚನೆ ಇರಬಹುದು. ಮನೆಯವರ ಕಣ್ಣಿಗೆ ಅಷ್ಟು ನಿಧಾನದ ಬದಲಾವಣೆ ಕಾಣುವುದಿಲ್ಲ.

ಹಂತ 3: ಎಲ್ಲಿ ಕಟ್ಟಬೇಕು, ಯಾವುದನ್ನು ಕಟ್ಟಬೇಕು

ಈ ವಿಷಯದಲ್ಲಿ ಹೆಚ್ಚಾಗಿ ಹೆಸರು ಕೇಳಿಬರುವ ಒಂದು ಅಧ್ಯಯನ 2004ರದ್ದು. ಎಂಐಟಿಯ ಲಿಂಗ್ ಬಾವ್ ಮತ್ತು ಸ್ಟೀಫನ್ ಇಂಟಿಲ್ 20 ಜನರ ಮೈಮೇಲೆ ಐದು ಕಡೆ ಸೆನ್ಸರ್ ಕಟ್ಟಿ 20 ಬಗೆಯ ಕೆಲಸ ಗುರುತಿಸಲು ನೋಡಿದರು. ತೊಡೆ ಮತ್ತು ಮಣಿಕಟ್ಟು, ಈ ಎರಡೇ ಕಡೆ ಇದ್ದರೂ ಫಲಿತಾಂಶ ಸ್ವಲ್ಪ ಮಾತ್ರ ಇಳಿಯಿತು. ಕಾರಣ ಸರಳ. ತೊಡೆ ಅಥವಾ ಸೊಂಟದ ಸೆನ್ಸರ್ ದೇಹದ ಭಂಗಿ ಹೇಳುತ್ತದೆ. ಮಣಿಕಟ್ಟಿನದ್ದು ಕೈ ಏನು ಮಾಡುತ್ತಿದೆ ಎಂದು ಹೇಳುತ್ತದೆ.

ಆದರೆ ಎಪ್ಪತ್ತೈದರ ಅಜ್ಜಿಗೆ ತೊಡೆಗೆ ಪಟ್ಟಿ ಕಟ್ಟಿಕೋ ಅನ್ನಲು ಆಗುತ್ತದಾ? ಸೀರೆ ಉಡುವವರಿಗೆ ಸೊಂಟದ ಬೆಲ್ಟೂ ಕಿರಿಕಿರಿ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕವಳದ ಸಂಚಿ ಇದ್ದರೆ ಅದರಲ್ಲಿ ಇಡೋಣ ಅನಿಸುತ್ತದೆ. ಸಂಚಿ ಸಡಿಲವಾಗಿ ಅಲ್ಲಾಡುತ್ತದೆ, ದಿನಕ್ಕೊಂದು ದಿಕ್ಕಿಗೆ ತಿರುಗಿರುತ್ತದೆ, ಕವಳ ಹಾಕುವಾಗ ಕೈಗೆ ಬರುತ್ತದೆ. ಭಂಗಿಯ ಲೆಕ್ಕ ಪೂರ್ತಿ ತಪ್ಪುತ್ತದೆ. ಹಾಗಾಗಿ ನನ್ನ ಸಲಹೆ ಮಣಿಕಟ್ಟು. ಭಂಗಿಯ ವಿಷಯದಲ್ಲಿ ಅದು ಸೊಂಟಕ್ಕಿಂತ ಕಡಿಮೆಯೇ, ಆದರೆ ದಿನವಿಡೀ ಧರಿಸುವ ಜಾಗ ಅದೊಂದೇ.

ಬಳೆ ತೊಟ್ಟ ಕೈಯನ್ನು ಮಾತ್ರ ತಪ್ಪಿಸಿ. ಗಾಜಿನ ಬಳೆ ಸೆನ್ಸರ್ ಡಬ್ಬಿಗೆ ತಾಗಿದಾಗಲೆಲ್ಲ ಚೂಪಾದ ಹೊಡೆತವೊಂದು ದಾಖಲಾಗುತ್ತದೆ. ಎರಡೂ ಕೈಗೆ ಬಳೆ ಇದ್ದರೆ ಬಳೆಯ ಮೇಲ್ಭಾಗಕ್ಕೆ, ಮೊಣಕೈ ಕಡೆಗೆ ಸರಿಸಿ ಬಿಗಿಯಾಗಿ ಕಟ್ಟಿ. ಕರಾವಳಿಯ ಸೆಕೆಗೆ ರಬ್ಬರ್ ಪಟ್ಟಿ ಬೇಡ, ಬೆವರಿ ಕಜ್ಜಿ ಆಗುತ್ತದೆ. ಬಟ್ಟೆಯ ಅಥವಾ ನೈಲಾನ್ ನೇಯ್ಗೆಯ ಪಟ್ಟಿ ವಾಸಿ.

ಸಾಧನಕ್ಕೆ ಎರಡು ದಾರಿ ಇದೆ. ಎಂಪಿಯು6050 ಎಂಬ ಚಲನೆ ಅಳೆಯುವ ಚಿಪ್ಪು ಮತ್ತು ಇಎಸ್‌ಪಿ32 ಎಂಬ ವೈಫೈ, ಬ್ಲೂಟೂತ್ ಇರುವ ಪುಟ್ಟ ಬೋರ್ಡು ಸೇರಿಸಿ ನೀವೇ ಕಟ್ಟಬಹುದು. ಕೆಲವು ನೂರು ರೂಪಾಯಿಯಲ್ಲಿ ಆಗುತ್ತದೆ. ಮೂರು ದಿಕ್ಕಿನ ವೇಗೋತ್ಕರ್ಷ, ಮೂರು ದಿಕ್ಕಿನ ತಿರುಗುವಿಕೆ ಎರಡನ್ನೂ ಅದು ಅಳೆಯುತ್ತದೆ. ಕಲಿಯಲು ತುಂಬ ಒಳ್ಳೆಯದು. ದಿನವಿಡೀ ಧರಿಸಲು ದಪ್ಪ, ನೀರು ಬಿದ್ದರೆ ಕಷ್ಟ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಇನ್ನೊಂದು ದಾರಿ, ನಾವೇ ಪ್ರೋಗ್ರಾಂ ಬರೆಯಬಹುದಾದ ಗಡಿಯಾರ. ಬ್ಯಾಂಗಲ್ ಜೆಎಸ್ 2 ಅಂಥದ್ದು. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದು ಬ್ಲೂಟೂತ್ ಮೂಲಕ ತುಂಬಬಹುದು. ವಿದೇಶದಿಂದ ತರಿಸಬೇಕು. ಆದರೂ ಹಿರಿಯರ ಕೈಗೆ ಕಟ್ಟುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಪೇಟೆಯಲ್ಲಿ ಸಿಗುವ ಹೆಚ್ಚಿನ ಫಿಟ್‌ನೆಸ್ ಬ್ಯಾಂಡುಗಳು ಹೆಜ್ಜೆಯ ಲೆಕ್ಕ ಕೊಡುತ್ತವೆಯೇ ಹೊರತು ಮೂಲ ಅಳತೆಗಳನ್ನು ಹೊರಗೆ ಬಿಡುವುದಿಲ್ಲ. ಕಲಿಸುವ ಕೆಲಸಕ್ಕೆ ಮೂಲ ಅಳತೆಗಳೇ ಬೇಕು.

ಒಂದು ಸಣ್ಣ ಲೆಕ್ಕ ಮಾಡಿಕೊಳ್ಳಿ. ಸೆಕೆಂಡಿಗೆ 50 ಅಳತೆ, ಮೂರು ದಿಕ್ಕು, ಪ್ರತಿಯೊಂದಕ್ಕೆ 2 ಬೈಟ್ ಅಂದರೆ ಸೆಕೆಂಡಿಗೆ 300 ಬೈಟ್. ಗಂಟೆಗೆ ಒಂದು ಎಂಬಿಗಿಂತ ಸ್ವಲ್ಪ ಜಾಸ್ತಿ, ದಿನಕ್ಕೆ ಸುಮಾರು 26 ಎಂಬಿ. ಬ್ಯಾಂಗಲ್‌ನ ಸಂಗ್ರಹ 8 ಎಂಬಿ. ಹಾಗಾಗಿ ಕಲಿಸುವ ಹೊತ್ತಿನಲ್ಲಿ ಮಾತ್ರ ಮೂಲ ಅಳತೆಗಳನ್ನು ಪೂರ್ತಿ ಬರೆದಿಡಿ. ದಿನನಿತ್ಯದ ಬಳಕೆಯಲ್ಲಿ ಗಡಿಯಾರವೇ ಲೆಕ್ಕ ಹಾಕಿ ಸಾರಾಂಶ ಕಳಿಸಲಿ. ಅದರ ಸೆನ್ಸರ್ ಮಾಮೂಲಿಗೆ ಸೆಕೆಂಡಿಗೆ 12.5 ಸಲ ಮಾತ್ರ ಅಳೆಯುತ್ತದೆ, ಅದನ್ನು 50ಕ್ಕೆ ಏರಿಸಿಕೊಳ್ಳಬೇಕು.

ಹಂತ 4: ಮನೆಯನ್ನು ತಯಾರು ಮಾಡಿ

ಕೈ ಹಿಂದೆಮುಂದೆ ಆಡುತ್ತಿದೆ ಎಂದು ಸೆನ್ಸರ್ ಹೇಳಿತು ಅನ್ನಿ. ಅದು ತೆಂಗಿನಕಾಯಿ ತುರಿಯುವುದೋ, ಬಟ್ಟೆ ಉಜ್ಜುವುದೋ? ಕೋಣೆ ಯಾವುದು ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿತು. ಇದಕ್ಕಾಗಿ ಪ್ರತಿ ಕೋಣೆಗೆ ಒಂದು ಇಎಸ್‌ಪಿ32 ಬೋರ್ಡು ಇಡಿ. ಗಡಿಯಾರದ ಬ್ಲೂಟೂತ್ ಸದ್ದು ಯಾವ ಬೋರ್ಡಿಗೆ ಜೋರಾಗಿ ಕೇಳುತ್ತದೆಯೋ ಆ ಕೋಣೆಯಲ್ಲಿ ಅವರಿದ್ದಾರೆ ಎಂದು ಲೆಕ್ಕ. ಇದಕ್ಕೆ ಇಎಸ್‌ಪ್ರೆಸೆನ್ಸ್ ಎಂಬ ಉಚಿತ ತಂತ್ರಾಂಶ ಇದೆ. ಎಲ್ಲವನ್ನೂ ಕೂಡಿಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದು, ಅದರಲ್ಲಿ ಮನೆಯ ಸೆನ್ಸರ್‌ಗಳನ್ನೆಲ್ಲ ನೋಡಿಕೊಳ್ಳುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ. ಇದೂ ಉಚಿತ, ಮನೆಯೊಳಗೇ ಓಡುತ್ತದೆ, ಮಾಹಿತಿ ಹೊರಗಿನ ಸರ್ವರಿಗೆ ಹೋಗಬೇಕಾಗಿಲ್ಲ.

ನಮ್ಮ ಕಡೆಯ ಚಿರೆಕಲ್ಲಿನ ಗೋಡೆ ದಪ್ಪ. ಬ್ಲೂಟೂತ್ ಅಲೆಗಳು ಅದನ್ನು ದಾಟಲು ಒದ್ದಾಡುತ್ತವೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದ ಮೇಲೆ ಇನ್ನೂ ಕಷ್ಟ, ಏಕೆಂದರೆ ನೀರು ಈ ಅಲೆಗಳನ್ನು ಹೀರುತ್ತದೆ. ಬೇರೆ ಕೆಲಸಗಳಿಗೆ ಇದು ತೊಂದರೆ. ಕೋಣೆ ಗುರುತಿಸುವ ನಮ್ಮ ಕೆಲಸಕ್ಕೆ ಅನುಕೂಲವೇ. ಪಕ್ಕದ ಕೋಣೆಯ ಸದ್ದು ಕೇಳದಿದ್ದರೆ ಗೊಂದಲವೂ ಕಡಿಮೆ. ಬೋರ್ಡು ಮಾತ್ರ ಪ್ರತಿ ಕೋಣೆಗೂ ಬೇಕೇ ಬೇಕು, ಕೊಟ್ಟಿಗೆಯನ್ನೂ ಮರೆಯಬೇಡಿ.

ಬಚ್ಚಲಿಗೆ ವಿಶೇಷ ಗಮನ ಕೊಡಿ. ಸ್ನಾನಕ್ಕೆ ಹೋಗುವಾಗ ಹಿರಿಯರು ಗಡಿಯಾರ ಬಿಚ್ಚಿಡುತ್ತಾರೆ. ಜಾರುವ ಜಾಗವೂ ಅದೇ. ಬಾಗಿಲಿಗೆ ಅಯಸ್ಕಾಂತದ ಸೆನ್ಸರ್ ಹಾಕಿ, ಬಾಗಿಲು ಮುಚ್ಚಿ ಮಾಮೂಲಿಗಿಂತ ಹೆಚ್ಚು ಹೊತ್ತಾದರೆ ಎಚ್ಚರಿಕೆ ಬರುವಂತೆ ಮಾಡಿ. ಮಾಮೂಲಿ ಚಲನೆಯ ಸೆನ್ಸರ್, ಅಂದರೆ ಶಾಖದ ಬದಲಾವಣೆ ನೋಡುವಂಥದ್ದು, ಕಟ್ಟಿಗೆ ಒಲೆ ಮತ್ತು ಹಂಡೆ ಇರುವ ಬಚ್ಚಲಲ್ಲಿ ಬೇಡ. ಬೆಂಕಿ, ಬಿಸಿ ಹಬೆ ಎರಡೂ ಅದನ್ನು ಮೋಸಗೊಳಿಸುತ್ತವೆ. ಅದರ ಬದಲು ಎಲ್‌ಡಿ2410 ಎಂಬ ಪುಟ್ಟ ರಾಡಾರ್ ಸಿಗುತ್ತದೆ. ಕದಲದೆ ಇರುವವರನ್ನೂ ಅದು ಉಸಿರಾಟದ ಅಲುಗಾಟದಿಂದ ಗುರುತಿಸಬಲ್ಲದು. ಜೊತೆಗೆ ನೆಲದಿಂದ ಒಂದು ಅಡಿ ಎತ್ತರದವರೆಗೆ ಇಳಿಬಿದ್ದ ಹಗ್ಗದ ಗಂಟೆಯೊಂದು ಇರಲಿ. ಬಿದ್ದವರ ಕೈಗೆ ಎಟುಕಬೇಕು.

ಇನ್ನು ಕರೆಂಟು. ಏಪ್ರಿಲ್-ಮೇ ತಿಂಗಳ ಗುಡುಗು ಶುರುವಾದ ಕೂಡಲೇ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮನೆಗಳಲ್ಲಿ ಟಿವಿ, ರೂಟರು, ಎಲ್ಲದರ ಪ್ಲಗ್ ಕೀಳುತ್ತಾರೆ. ಸರಿಯಾದ ಅಭ್ಯಾಸ, ಅದನ್ನು ಬಿಡಿಸಲು ಹೋಗಬೇಡಿ. ವ್ಯವಸ್ಥೆಯೇ ಅದಕ್ಕೆ ಹೊಂದಿಕೊಳ್ಳಬೇಕು. ಪೈಯನ್ನು ಸಣ್ಣ ಯುಪಿಎಸ್ ಮೇಲೆ ಇಡಿ. ಗುಡುಗಿದಾಗ ಗೋಡೆಯ ಪ್ಲಗ್ ಕಿತ್ತರೂ ಬ್ಯಾಟರಿಯ ಮೇಲೆ ಓಡಲಿ. ಕೋಣೆಯ ಬೋರ್ಡುಗಳಿಗೆ ಪವರ್ ಬ್ಯಾಂಕ್ ಸಾಕು. ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ ಹಾಕಿ, ಇದ್ದಕ್ಕಿದ್ದಂತೆ ಕರೆಂಟು ಹೋದರೆ ಕಾರ್ಡು ಕೆಡುವುದು ಬಹಳ. ಫೈಬರ್ ಲೈನು ಹೋದಾಗ ಎಚ್ಚರಿಕೆ ಕಳಿಸಲು ಸಿಮ್ ಹಾಕುವ 4ಜಿ ಮಾಡ್ಯೂಲ್ ಒಂದು ಇರಲಿ. ಯಾವ ಕಂಪನಿಯ ಸಿಗ್ನಲ್ ಆ ಮನೆಯೊಳಗೆ ಸಿಗುತ್ತದೆ ಎಂದು ನೋಡಿಯೇ ಸಿಮ್ ತನ್ನಿ. ಅಂಗಳದ ಮೂಲೆಗೆ ಹೋದರೆ ಮಾತ್ರ ಸಿಗ್ನಲ್ ಸಿಗುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಅಲ್ಲಿ ಆಂಟೆನಾವನ್ನು ಹೊರಗೆ ಎಳೆಯಬೇಕು.

ಕಾರವಾರ, ಅಂಕೋಲಾ, ಹೊನ್ನಾವರದವರಿಗೆ ಉಪ್ಪುಗಾಳಿಯ ಕಾಟ. ತೆರೆದ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಬೋರ್ಡುಗಳಿಗೆ ರಕ್ಷಣೆಯ ಲೇಪ ಸ್ಪ್ರೇ ಮಾಡಿ ಡಬ್ಬಿಯಲ್ಲಿಡಿ.

ಹಂತ 5: ಕಲಿಸಲು ಮಾಹಿತಿ ಕೂಡಿಸಿ

ಇಡೀ ಕೆಲಸದಲ್ಲಿ ನೀವು ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ.

ಇಂಟರ್ನೆಟ್ಟಿನಲ್ಲಿ ಸಿದ್ಧ ದತ್ತಾಂಶಗಳು ಸಿಗುತ್ತವೆ. ಹೆಚ್ಚು ಬಳಕೆಯಲ್ಲಿರುವುದು 2013ರಲ್ಲಿ ಪ್ರಕಟವಾದ, ಯುಸಿಐ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅರ್ವೈನ್) ಸಂಗ್ರಹದ್ದು. 30 ಜನ ಸೊಂಟಕ್ಕೆ ಸ್ಯಾಮ್‌ಸಂಗ್ ಫೋನ್ ಕಟ್ಟಿಕೊಂಡು ಆರು ಚಟುವಟಿಕೆ ಮಾಡಿದ್ದಾರೆ: ನಡಿಗೆ, ಮೆಟ್ಟಿಲು ಹತ್ತುವುದು, ಇಳಿಯುವುದು, ಕೂರುವುದು, ನಿಲ್ಲುವುದು, ಮಲಗುವುದು. ಕಲಿಯಲು ಒಳ್ಳೆಯದು, ನೀವೂ ಮೊದಲು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಆದರೆ ಆ 30 ಜನರ ವಯಸ್ಸು 19ರಿಂದ 48. ಅವರಲ್ಲಿ ಯಾರೂ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಊಟ ಮಾಡಿಲ್ಲ, ಮೊಣಕಾಲು ನೋವಿನಿಂದ ಗೋಡೆ ಹಿಡಿದು ಎದ್ದಿಲ್ಲ, ಮಳೆಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದಿಲ್ಲ. ಆ ದತ್ತಾಂಶದಿಂದ ಕಲಿತ ಮಾಡೆಲ್‌ಗೆ, ಅಂದರೆ ಅಳತೆ ನೋಡಿ ಕೆಲಸದ ಹೆಸರು ಹೇಳುವ ಪ್ರೋಗ್ರಾಂಗೆ, ನಮ್ಮ ಹಿರಿಯರ ದಿನದ ಅರ್ಧ ಭಾಗ ಹೊಸದೇ ಆಗಿರುತ್ತದೆ.

ಹಾಗಾಗಿ ಅವರ ಮಾಹಿತಿಯನ್ನು ಅವರಿಂದಲೇ ಕೂಡಿಸಬೇಕು. ರಜೆಗೆ ಊರಿಗೆ ಹೋದಾಗ ಮಾಡಿ. ಗಡಿಯಾರ ಕಟ್ಟಿ, ಅವರ ಮಾಮೂಲಿ ಕೆಲಸಕ್ಕೆ ಬಿಡಿ. ನೀವು ಪಕ್ಕದಲ್ಲಿ ಫೋನ್ ಹಿಡಿದು "ಈಗ ನಡಿಗೆ", "ಈಗ ಕೂತರು" ಎಂದು ಗುಂಡಿ ಒತ್ತುತ್ತಾ ಹೋಗಿ. ಫೋನಿನ ಗಡಿಯಾರ, ಕೈಯ ಗಡಿಯಾರ ಎರಡರ ಸಮಯವೂ ಹೊಂದಿರಬೇಕು. ಶುರುವಿನಲ್ಲಿ ಫೋನಿನ ಚಲನೆಯೂ ದಾಖಲಾಗುವಂತೆ ಮಾಡಿ, ಎರಡನ್ನೂ ಒಟ್ಟಿಗೆ ಹಿಡಿದು ಮೂರು ಸಲ ಜೋರಾಗಿ ಅಲ್ಲಾಡಿಸಿ. ಆ ಮೂರು ಏರುಗಳು ಎರಡೂ ದಾಖಲೆಯಲ್ಲಿ ಕಾಣುತ್ತವೆ, ಆಮೇಲೆ ಹೊಂದಿಸಿಕೊಳ್ಳಬಹುದು. "ಅಮ್ಮಾ, ಈಗ ಐದು ನಿಮಿಷ ನಡಿ" ಎಂದು ನಾಟಕ ಮಾಡಿಸಬೇಡಿ. ಹೇಳಿಸಿಕೊಂಡು ನಡೆಯುವ ನಡಿಗೆಯೂ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಓಡುವ ನಡಿಗೆಯೂ ಬೇರೆ ಬೇರೆ.

ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು ಬೇಕು. ಬೆಳಿಗ್ಗೆ ಮೈ ಬಿಗಿದಿರುತ್ತದೆ, ನಡಿಗೆ ನಿಧಾನ. ಸಂಜೆಗೆ ಸಡಿಲ. ಕೊಡ ಹಿಡಿದು ನಡೆಯುವಾಗ ಕೈ ಬೀಸುವುದೇ ಇಲ್ಲ, ಮಣಿಕಟ್ಟಿನ ಸೆನ್ಸರ್‌ಗೆ ಅದು ನಿಂತಂತೆ ಕಾಣುತ್ತದೆ. ಕೋಲು ಹಿಡಿದು ನಡೆಯುವವರದ್ದು ಇನ್ನೊಂದು ರೀತಿ. ಇವೆಲ್ಲವೂ ನಡಿಗೆ ಎಂಬ ಒಂದೇ ಹೆಸರಿನಡಿ ಬರಲಿ.

ತರಕಾರಿ ಹೆಚ್ಚುವಾಗಿನ ದಾಖಲೆಯೊಂದನ್ನು ಬಿಡಿಸಿ ನೋಡಿ. ಕೈ ಕದಲದೆ ಇದ್ದಾಗ ಮೂರು ದಿಕ್ಕಿನ ಒಟ್ಟು ಬೆಲೆ (ಮೂರರ ವರ್ಗಗಳ ಮೊತ್ತದ ವರ್ಗಮೂಲ) 9.8 ಮೀ/ಸೆ², ಅಂದರೆ 1 ಜಿ, ಆಸುಪಾಸು ನಿಂತಿರುತ್ತದೆ. ಅದು ಭೂಮಿಯ ಗುರುತ್ವ. ಹೆಚ್ಚಲು ಶುರು ಮಾಡಿದ ಕೂಡಲೇ ಆ ಗೆರೆ ಒಂದೇ ಲಯದಲ್ಲಿ ಏರಿಳಿಯುತ್ತದೆ. ಸೌತೆಕಾಯಿಗೆ ಸಣ್ಣ ಅಲೆ, ಸುವರ್ಣಗಡ್ಡೆಗೆ ದೊಡ್ಡ ಅಲೆ. ನಡುನಡುವೆ ತುಂಡುಗಳನ್ನು ಪಾತ್ರೆಗೆ ಹಾಕುವಾಗ ಕೈ ತಿರುಗುತ್ತದೆ, ಗುರುತ್ವ ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಜಾರುತ್ತದೆ. ಲಯ, ತಿರುವು, ಮತ್ತೆ ಲಯ. ಈ ಗೆರೆಗಳನ್ನು ಕಣ್ಣಿನಿಂದ ನೋಡಿ ಗುರುತಿಸಲು ನಿಮಗೆ ಬಂದರೆ ಮಾಡೆಲ್‌ಗೂ ಬರುತ್ತದೆ. ನಿಮಗೆ ಎರಡು ಕೆಲಸಗಳ ಗೆರೆ ಒಂದೇ ಥರ ಕಂಡರೆ ಅವೆರಡನ್ನೂ ಒಂದೇ ಹೆಸರಿಗೆ ಸೇರಿಸಿಬಿಡಿ.

ಹಂತ 6: ತುಂಡು ಮಾಡಿ, ಲಕ್ಷಣ ತೆಗೆದು, ಮಾಡೆಲ್ ಕಟ್ಟಿ

ಉದ್ದನೆಯ ದಾಖಲೆಯನ್ನು 2.56 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ. ಸೆಕೆಂಡಿಗೆ 50ರಂತೆ ಒಂದು ತುಂಡಿನಲ್ಲಿ 128 ಅಳತೆ ಇರುತ್ತವೆ. ಪ್ರತಿ ತುಂಡೂ ಹಿಂದಿನದರ ಅರ್ಧ ಭಾಗವನ್ನು ಒಳಗೊಂಡಿರಲಿ. ಯುಸಿಐ ದತ್ತಾಂಶದಲ್ಲೂ ಇದೇ ಅಳತೆ ಇದೆ. ಹಿರಿಯರ ಚಲನೆ ನಿಧಾನ, ಹಾಗಾಗಿ ನೆಲದಿಂದ ಏಳುವಂಥ ಕೆಲಸಕ್ಕೆ 5 ಸೆಕೆಂಡಿನ ತುಂಡನ್ನೂ ಪ್ರಯತ್ನಿಸಿ ನೋಡಿ.

ಪ್ರತಿ ತುಂಡಿನಿಂದ ಕೆಲವು ಲಕ್ಷಣ ತೆಗೆಯಿರಿ. ಪ್ರತಿ ದಿಕ್ಕಿನ ಸರಾಸರಿ, ಏರಿಳಿತ, ಗರಿಷ್ಠ-ಕನಿಷ್ಠದ ಅಂತರ, ಒಟ್ಟು ಬೆಲೆಯ ಏರಿಳಿತ, ಮುಖ್ಯ ಲಯದ ವೇಗ, ಗುರುತ್ವದ ದಿಕ್ಕು. ಗುರುತ್ವವನ್ನು ಬೇರ್ಪಡಿಸಲು ತೀರಾ ನಿಧಾನದ ಭಾಗವನ್ನು ಮಾತ್ರ ಬಿಡುವ ಫಿಲ್ಟರ್ ಬೇಕು, 0.3 ಹರ್ಟ್ಸ್ ಒಳ್ಳೆಯ ಗಡಿ. ಇದಕ್ಕೆ ಕೋಣೆಯ ಹೆಸರನ್ನೂ ಸೇರಿಸಿ. ಆಮೇಲೆ ಪೈಥಾನ್‌ನ ಸೈಕಿಟ್-ಲರ್ನ್ ಎಂಬ ಉಚಿತ ಲೈಬ್ರರಿಯಲ್ಲಿ ರ‍್ಯಾಂಡಮ್ ಫಾರೆಸ್ಟ್ (ಹಲವು ಸಣ್ಣ ನಿರ್ಣಯ ಮರಗಳ ಮತ ಎಣಿಸುವ ಮಾಡೆಲ್) ಸಾಕು. ಒಂದು ಮನೆಯ ಮಾಹಿತಿಗೆ ಡೀಪ್ ಲರ್ನಿಂಗ್ ಬೇಕಾಗುವುದಿಲ್ಲ. ಅಷ್ಟು ಮಾಹಿತಿಯೂ ನಮ್ಮ ಹತ್ತಿರ ಇರುವುದಿಲ್ಲ.

ಹಂತ 7: ಪ್ರಾಮಾಣಿಕವಾಗಿ ಪರೀಕ್ಷಿಸಿ

ತುಂಡುಗಳನ್ನು ಸುಮ್ನೆ ಕಲಸಿ, ಮುಕ್ಕಾಲು ಭಾಗ ಕಲಿಸಲು, ಕಾಲು ಭಾಗ ಪರೀಕ್ಷೆಗೆ ಎಂದು ಹಂಚಬೇಡಿ. ಅಕ್ಕಪಕ್ಕದ ತುಂಡುಗಳು ಅರ್ಧ ಒಂದೇ ಆಗಿರುವುದರಿಂದ ಪರೀಕ್ಷೆಯ ಉತ್ತರ ಕಲಿಕೆಯಲ್ಲೇ ಬಂದುಬಿಡುತ್ತದೆ. ಅಂಕ ಚೆನ್ನಾಗಿ ಬರುತ್ತದೆ, ಮನೆಯಲ್ಲಿ ಕೆಲಸ ಮಾಡುವುದಿಲ್ಲ. ಒಂದು ಇಡೀ ದಿನದ ಮಾಹಿತಿಯನ್ನು ಪಕ್ಕಕ್ಕಿಟ್ಟು ಉಳಿದ ದಿನಗಳಿಂದ ಕಲಿಸಿ, ಪಕ್ಕಕ್ಕಿಟ್ಟ ದಿನದ ಮೇಲೆ ಪರೀಕ್ಷಿಸಿ. ಪ್ರತಿ ದಿನಕ್ಕೂ ಹೀಗೆ ಮಾಡಿ. ಸೈಕಿಟ್-ಲರ್ನ್‌ನ ಗ್ರೂಪ್-ಕೆ-ಫೋಲ್ಡ್ ಇದಕ್ಕೇ ಇರುವುದು.

ಒಟ್ಟು ಅಂಕ ನೋಡಿ ಸಮಾಧಾನಪಡಬೇಡಿ. ಯಾವುದನ್ನು ಯಾವುದೆಂದು ತಪ್ಪಾಗಿ ತಿಳಿದಿದೆ ಎಂಬ ಕೋಷ್ಟಕ ನೋಡಿ. ಕುರ್ಚಿಯಲ್ಲಿ ಕೂತದ್ದನ್ನು ನೆಲದಲ್ಲಿ ಕೂತದ್ದು ಅಂದರೆ ಅಡ್ಡಿಯಿಲ್ಲ. ಮಲಗಿದ್ದನ್ನು ಕೂತಿದ್ದಾರೆ ಅಂದರೆ ತೊಂದರೆ.

ಹಂತ 8: ಬಿದ್ದದ್ದನ್ನು ಪತ್ತೆ ಹಚ್ಚುವುದು

ಇದನ್ನು ಬೇರೆಯೇ ಕೆಲಸ ಎಂದು ತಿಳಿಯಿರಿ. ಒಂದು ಲೆಕ್ಕ ನೋಡಿ. ಅರ್ಧ ಒಂದರ ಮೇಲೊಂದು ಬರುವ 2.56 ಸೆಕೆಂಡಿನ ತುಂಡುಗಳು ದಿನಕ್ಕೆ 67,500 ಆಗುತ್ತವೆ. ನೂರಕ್ಕೆ ಒಂದು ಸಲ ಸುಳ್ಳು ಹೇಳಿದರೂ ದಿನಕ್ಕೆ 675 ಸುಳ್ಳು ಎಚ್ಚರಿಕೆ. ಅಷ್ಟು ಬೇಡ, ದಿನಕ್ಕೆ ಎರಡು ಬಂದರೂ ವಾರದೊಳಗೆ ಎಲ್ಲರೂ ಅದನ್ನು ನಂಬುವುದನ್ನು ಬಿಡುತ್ತಾರೆ.

ಅದಕ್ಕೇ ಒಂದೇ ತುಂಡು ನೋಡಿ ತೀರ್ಮಾನಿಸಬಾರದು. ಮೊದಲು ಜೋರಾದ ಹೊಡೆತ, ಆಮೇಲೆ ಕೈಯ ದಿಕ್ಕು ಬದಲಾದದ್ದು, ಅದಾದ ಮೇಲೆ ಅರ್ಧ ನಿಮಿಷವಾದರೂ ಕದಲದೆ ಇದ್ದದ್ದು. ಮೂರೂ ಸಾಲಾಗಿ ಬಂದರೆ ಮಾತ್ರ ಗಡಿಯಾರ ನಡುಗಲಿ. ಗುಂಡಿ ಒತ್ತಿದರೆ ಎಚ್ಚರಿಕೆ ರದ್ದಾಗಲಿ, ಒತ್ತದಿದ್ದರೆ ಹೊರಗೆ ಹೋಗಲಿ. ಮಣೆಯ ಮೇಲೆ ದೊಪ್ಪನೆ ಕೂರುವವರು ನಮ್ಮಲ್ಲಿ ಬಹಳ. ಅದೂ ಹೊಡೆತದಂತೆಯೇ ಕಾಣುತ್ತದೆ. ಆದರೆ ಕೂತ ಕೂಡಲೇ ಕೈ ಏನಾದರೊಂದು ಮಾಡುತ್ತಲೇ ಇರುತ್ತದೆ, ಕದಲದ ಅರ್ಧ ನಿಮಿಷ ಅಲ್ಲಿ ಸಿಗುವುದಿಲ್ಲ.

ಇನ್ನೊಂದು ಬಗೆಯ ಬೀಳುವಿಕೆ ಇದೆ, ಅದರ ಬಗ್ಗೆ ನನಗೆ ಹೆಚ್ಚು ಆತಂಕ. ತಲೆ ತಿರುಗಿ ಗೋಡೆಗೆ ಆತು ನಿಧಾನವಾಗಿ ಕುಸಿಯುವುದು. ಇದರಲ್ಲಿ ಹೊಡೆತವೇ ಇರುವುದಿಲ್ಲ. ಇದಕ್ಕೆ ಎರಡನೆಯ ಬಲೆ ಬೇಕು. ಹಗಲಿನಲ್ಲಿ, ಮಲಗುವ ಕೋಣೆ ಬಿಟ್ಟು ಬೇರೆಲ್ಲೇ ಆಗಲಿ, ಮಾಮೂಲಿಗಿಂತ ಹೆಚ್ಚು ಹೊತ್ತು ಕೈ ಕದಲದಿದ್ದರೆ ಎಚ್ಚರಿಕೆ. ಗಂಟೆಗಟ್ಟಲೆ ನೆಲದ ಮೇಲೇ ಬಿದ್ದಿದ್ದರೆ ಮೈಯ ನೀರು ಇಂಗುತ್ತದೆ, ಒತ್ತಿಕೊಂಡ ಸ್ನಾಯು ಹಾಳಾಗಿ ಕಿಡ್ನಿಗೂ ಪೆಟ್ಟು ಬೀಳಬಹುದು. ತಲೆಗೆ ಪೆಟ್ಟಾದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಇಲ್ಲವೇ ಗೋವಾಕ್ಕೆ ಓಡಬೇಕಾದ ಜಿಲ್ಲೆ ನಮ್ಮದು. ದಾರಿಯಲ್ಲಿ ಹೋಗುವ ಗಂಟೆಗಳನ್ನು ನಾವು ಕಡಿಮೆ ಮಾಡಲಾರೆವು. ಬಿದ್ದದ್ದು ಗೊತ್ತಾಗುವ ಹೊತ್ತನ್ನು ಮಾಡಬಹುದು.

ಹಿರಿಯರಿಂದ ಬೀಳುವ ನಾಟಕ ಮಾಡಿಸಬೇಡಿ, ಯಾವ ಕಾರಣಕ್ಕೂ. ನೀವೇ ಗಡಿಯಾರ ಕಟ್ಟಿಕೊಂಡು ದಪ್ಪ ಹಾಸಿಗೆಯ ಮೇಲೆ ಬಿದ್ದು ಪರೀಕ್ಷಿಸಿ.

ಹಂತ 9: ದಿನಚರಿಯ ಅಳತೆ

ಎರಡು ಮೂರು ವಾರ ಏನೂ ಎಚ್ಚರಿಕೆ ಕೊಡದೆ ಸುಮ್ಮನೆ ನೋಡಲು ಬಿಡಿ. ಏಳುವ ಹೊತ್ತು, ಅಡುಗೆಮನೆಗೆ ಮೊದಲು ಹೋಗುವ ಹೊತ್ತು, ರಾತ್ರಿ ಎಷ್ಟು ಸಲ ಎದ್ದರು, ಒಟ್ಟು ನಡಿಗೆ ಎಷ್ಟು. ಪ್ರತಿಯೊಂದರ ಮಧ್ಯದ ಬೆಲೆ ಮತ್ತು ಮಾಮೂಲಿ ಏರಿಳಿತ ಬರೆದಿಡಿ. ಆಮೇಲೆ ಸತತ ಎರಡು ಮೂರು ದಿನ ಆ ಮಿತಿ ದಾಟಿದರೆ ನಿಮಗೊಂದು ಸಂದೇಶ ಬರಲಿ. ರಾತ್ರಿ ಬಚ್ಚಲಿಗೆ ಹೋಗುವುದು ದಿಢೀರ್ ಹೆಚ್ಚಾದರೆ ಮೂತ್ರದ ಸೋಂಕು ಇರಬಹುದು, ಸಕ್ಕರೆ ಏರಿರಬಹುದು, ಹೊಸ ಮಾತ್ರೆಯ ಪರಿಣಾಮವೂ ಇರಬಹುದು. ಯಾವುದು ಎಂದು ಹೇಳುವವರು ವೈದ್ಯರು. ಈ ದಾಖಲೆಯನ್ನು ಅವರಿಗೆ ತೋರಿಸಬಹುದು, ಅಷ್ಟೇ.

ನಮ್ಮ ಮನೆಗಳ ಕ್ಯಾಲೆಂಡರ್ ಅನ್ನೂ ಇದಕ್ಕೆ ಹೇಳಿಕೊಡಬೇಕು. ಏಕಾದಶಿ ದಿನ ಊಟ ಮಾಡಿಲ್ಲ ಎಂದು ಎಚ್ಚರಿಕೆ ಬಂದರೆ ಅಜ್ಜಿಗೆ ಬೇಸರವಾಗುತ್ತದೆ. ಚೌತಿ, ದೀಪಾವಳಿ, ಮನೆಯ ಶ್ರಾದ್ಧ, ಶಿರಸಿಯವರಿಗೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಅಡಿಕೆ ಕೊಯ್ಲಿನ ದಿನಗಳು. ಇವುಗಳಲ್ಲಿ ದಿನಚರಿ ತಲೆಕೆಳಗಾಗುವುದೇ ಸರಿ. ಹೋಮ್ ಅಸಿಸ್ಟೆಂಟ್‌ನಲ್ಲಿ "ನೆಂಟರಿದ್ದಾರೆ" ಎಂಬ ಒಂದು ಸ್ವಿಚ್ ಮಾಡಿ, ಅದು ಒತ್ತಿದ್ದಾಗ ದಿನಚರಿಯ ಎಚ್ಚರಿಕೆ ಸುಮ್ಮನಿರಲಿ. ಬಿದ್ದದ್ದರ ಎಚ್ಚರಿಕೆ ಮಾತ್ರ ಯಾವತ್ತೂ ನಿಲ್ಲಬಾರದು.

ಹಂತ 10: ಎಚ್ಚರಿಕೆ ಯಾರಿಗೆ ಹೋಗಬೇಕು

ಬೆಂಗಳೂರಿನಲ್ಲಿರುವ ನಿಮಗೆ ಮೊದಲು ಬಂದು ಏನು ಪ್ರಯೋಜನ? ಹತ್ತು ನಿಮಿಷದಲ್ಲಿ ಮನೆ ತಲುಪಬಲ್ಲವರಿಗೆ ಮೊದಲು ಹೋಗಬೇಕು. ಪಕ್ಕದ ಮನೆಯವರು, ತೋಟದ ಕೆಲಸಕ್ಕೆ ಬರುವವರು, ಫ್ಲ್ಯಾಟಿನ ವಾಚ್‌ಮನ್. ಅವರನ್ನು ಕೇಳಿ ಒಪ್ಪಿಸಿ, ಬೀಗದ ಕೈ ಎಲ್ಲಿದೆ ಎಂದು ತೋರಿಸಿ. ಒಳಗಿನಿಂದ ಅಗಳಿ ಹಾಕುವ ಅಭ್ಯಾಸವಿದ್ದರೆ ಹೊರಗಿನಿಂದ ತೆಗೆಯಲು ಬರುವ ಬೀಗಕ್ಕೆ ಬದಲಾಯಿಸಿ.

ತೋಟದ ಆಚೆ ದಡದಲ್ಲಿ ಮನೆ ಇದ್ದವರಿಗೆ ಫೋನಿಗಿಂತ ಸದ್ದು ಒಳ್ಳೆಯದು. ಹಿಂದೆ ಕೂ ಹಾಕಿ ಕರೆಯುತ್ತಿದ್ದಂತೆ, ಮಾಡಿನ ಕೆಳಗೊಂದು ಸೈರನ್ ಕೂಗಲಿ. ನೆಟ್‌ವರ್ಕ್ ಇಲ್ಲದಿದ್ದರೂ ಅದು ಕೇಳುತ್ತದೆ. ನಂತರ ನಿಮ್ಮ ಫೋನ್. 108ಕ್ಕೆ ಕರೆ ಮಾಡುವುದು ಮನುಷ್ಯರೇ, ಹೋಗಿ ನೋಡಿದ ಮೇಲೆ. ಮನೆಗೆ ಬರುವ ದಾರಿ ಹೇಗೆ ಹೇಳಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಬಾಗಿಲ ಹತ್ತಿರ ಅಂಟಿಸಿ. ಗಾಬರಿಯಲ್ಲಿ ನಮ್ಮ ಮನೆಯ ದಾರಿ ನಮಗೇ ಹೇಳಲು ಬರುವುದಿಲ್ಲ.

ಹಂತ 11: ಮಳೆಗಾಲಕ್ಕೆ ಮತ್ತೆ ಕಲಿಸಿ

ಜೂನ್ ಬಂದರೆ ನಡಿಗೆಯೇ ಬದಲಾಗುತ್ತದೆ. ಅಂಗಳಕ್ಕೆ ಹಾವಸೆ ಹಿಡಿದು ಅಡಿಕೆ ದಬ್ಬೆಯ ಮೇಲೆ ಕಾಲಿಟ್ಟು ಸಣ್ಣ ಹೆಜ್ಜೆ ಹಾಕುತ್ತಾರೆ. ಒಂದು ಕೈಯಲ್ಲಿ ಕೊಡೆ. ತೋಟಕ್ಕೆ ಹೋಗುವುದು ಕಡಿಮೆ, ಒಲೆಯ ಮುಂದೆ ಕೂರುವುದು ಜಾಸ್ತಿ. ಬೇಸಿಗೆಯಲ್ಲಿ ಕಲಿತ ಮಾಡೆಲ್‌ಗೆ ಇದು ಗೊತ್ತಿಲ್ಲ. ಹಂತ 5ನ್ನು ಮಳೆಗಾಲದಲ್ಲಿ ಒಮ್ಮೆ, ಅಡಿಕೆ ಸುಲಿಯುವ ಹೊತ್ತಿನಲ್ಲಿ ಒಮ್ಮೆ ಮಾಡಿ ಹಳೆಯ ಮಾಹಿತಿಗೆ ಸೇರಿಸಿ. ಕಾಲು ಮುರಿದು ಗುಣವಾದ ಮೇಲೆ, ಕೋಲು ಹಿಡಿಯಲು ಶುರು ಮಾಡಿದ ಮೇಲೆ ಕೂಡ ಹೊಸದಾಗಿ ಕಲಿಸಬೇಕು.

ಚಾರ್ಜಿಂಗಿಗೆ ಒಂದು ನಿಗದಿತ ಹೊತ್ತು ಮಾಡಿ. ನಮ್ಮಲ್ಲಿ ಅಮ್ಮ ಸ್ನಾನಕ್ಕೆ ಹೋಗುವಾಗ ಬಚ್ಚಲ ಹೊರಗಿನ ಗೂಡಿನಲ್ಲಿರುವ ಚಾರ್ಜರಿಗೆ ಸಿಕ್ಕಿಸುತ್ತಾರೆ, ಬಂದ ಮೇಲೆ ಕಟ್ಟಿಕೊಳ್ಳುತ್ತಾರೆ. ಆ ಹೊತ್ತು ಬಚ್ಚಲ ಬಾಗಿಲಿನ ಸೆನ್ಸರ್ ಕಾವಲಿಗಿರುತ್ತದೆ. ಸ್ನಾನ ಮುಗಿದು ಅರ್ಧ ಗಂಟೆಯಾದರೂ ಗಡಿಯಾರ ಚಾರ್ಜರಿನಲ್ಲೇ ಇದ್ದರೆ ಗೂಡಿನ ಪಕ್ಕದ ಸಣ್ಣ ದೀಪ ಮಿಣುಕುತ್ತದೆ.

ತಿಂಗಳಿಗೊಮ್ಮೆ, ಮೊದಲ ಭಾನುವಾರ ಎಂದಿಟ್ಟುಕೊಳ್ಳಿ, ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಒಂದು ಸುಳ್ಳು ಎಚ್ಚರಿಕೆ ಕಳಿಸಿ. ಸೈರನ್ ಕೂಗಿತಾ, ಫೋನಿಗೆ ಬಂತಾ, ಪ್ಲಗ್ ಕಿತ್ತಾಗಲೂ ಬಂತಾ, ಸಿಮ್‌ನ ರೀಚಾರ್ಜ್ ಮುಗಿದಿಲ್ಲ ತಾನೆ ಎಂದು ನೋಡಿ. ಬಾರದಿದ್ದರೆ ಅವತ್ತೇ ಸರಿ ಮಾಡಿ.